ಬ್ಯಾಗ್ ಕುಮಟಾದಲ್ಲಿ, ಕಾರು ಒಂದೇ ದಿನ: ಉತ್ತರ ಕನ್ನಡ ಕರಾವಳಿಗೆ ಕಡಿಮೆ ಖರ್ಚಿನ ಕುಟುಂಬ ಪ್ರವಾಸ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ ನೋಡಲು ಹೊರಟ ಕುಟುಂಬಗಳ ಜೇಬು ಖಾಲಿ ಮಾಡುವುದು ಸಾಮಾನ್ಯವಾಗಿ ರೂಮಿನ ಬಾಡಿಗೆಯಲ್ಲ. ಮೊದಲ ರಾತ್ರಿ ಗೋಕರ್ಣ, ಎರಡನೆಯದು ಮುರುಡೇಶ್ವರ, ಮೂರನೆಯದು ಕಾರವಾರ ಎಂದು ದಿನಕ್ಕೊಂದು ಊರಿಗೆ ಗಂಟುಮೂಟೆ ಸಾಗಿಸುವುದು, ಸ್ಟೇಶನ್ನಿನಿಂದ ಊರಿಗೆ, ಊರಿನಿಂದ ಕಡಲಿಗೆ ಆಟೋ ಹಿಡಿಯುವುದು, ಮೂರೂ ದಿನ ಕಾರು ನಿಲ್ಲಿಸಿಕೊಂಡು ಅರ್ಧ ಹೊತ್ತು ಅದು ಬೀಚಿನ ಪಾರ್ಕಿಂಗಿನಲ್ಲಿ ನಿಂತಿರುವುದು: ದುಡ್ಡು ಸೋರುವುದು ಇಲ್ಲೇ. ಇದಕ್ಕೆ ಉಪಾಯ ಸರಳ. ತಂಗುವ ಊರು ಒಂದೇ ಇರಲಿ, ಬಾಡಿಗೆ ಕಾರು ಒಂದೇ ದಿನಕ್ಕಿರಲಿ, ಉಳಿದದ್ದನ್ನು ಸರ್ಕಾರಿ ಬಸ್ಸಿಗೆ ಬಿಡಿ.

ಆ ಒಂದು ಊರು ಕುಮಟಾ ಆದರೆ ಒಳ್ಳೆಯದು. ನಕ್ಷೆ ನೋಡಿದರೆ ಕಾರಣ ತಾನಾಗಿ ಹೊಳೆಯುತ್ತದೆ. ಮಿರ್ಜಾನ್ ಕೋಟೆ ಸುಮಾರು 11 ಕಿ.ಮೀ., ಹೊನ್ನಾವರ 20, ಗೋಕರ್ಣ ಮತ್ತು ಯಾಣ 30ರ ಆಸುಪಾಸು, ಮುರುಡೇಶ್ವರ 45ರಿಂದ 50, ಶಿರಸಿ 60, ಕಾರವಾರ 70. ರೈಲ್ವೆ ಸ್ಟೇಶನ್ ಊರಿಗೆ ಹತ್ತಿರ. ಗೋಕರ್ಣ ರೋಡ್ ಸ್ಟೇಶನ್ ಊರಿನಿಂದ ಸುಮಾರು 10 ಕಿ.ಮೀ. ದೂರ, ಕಾರವಾರದ್ದು ಪಟ್ಟಣದ ಹೊರಗೆ ಶಿರವಾಡದಲ್ಲಿ. ಅಲ್ಲಿ ಇಳಿದವರು ಬಸ್ಸಿನಲ್ಲಿ ಉಳಿಸಿದ್ದನ್ನು ಮೊದಲ ಆಟೋಕ್ಕೇ ಕೊಟ್ಟುಬಿಡುತ್ತಾರೆ. ಇನ್ನೊಂದು ಮಾತು: ಕುಮಟಾ ಪ್ರವಾಸಿಗರ ಊರಲ್ಲ, ಪೇಟೆಯ ಊರು. ಇಲ್ಲಿನ ಲಾಡ್ಜುಗಳು ವ್ಯಾಪಾರಕ್ಕೆ ಬಂದವರನ್ನು ನಂಬಿಕೊಂಡಿರುವುದರಿಂದ ಶನಿವಾರ ಬಂತೆಂದು ಬಾಡಿಗೆ ಗೋಕರ್ಣದಷ್ಟು ಜಿಗಿಯುವುದಿಲ್ಲ.

ಯಾವಾಗ ಹೊರಡಬೇಕು

ನವೆಂಬರಿನಿಂದ ಫೆಬ್ರವರಿ ಅತ್ಯುತ್ತಮ, ಆದರೆ ಆಗ ಮಕ್ಕಳಿಗೆ ಶಾಲೆ. ದಸರೆ ರಜೆ ಒಳ್ಳೆಯ ರಾಜಿ: ಜಲಪಾತಗಳಲ್ಲಿ ನೀರಿರುತ್ತದೆ, ಬಿಸಿಲು ಸುಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಸೆಕೆ ಚಿಕ್ಕ ಮಕ್ಕಳನ್ನು ಹೈರಾಣ ಮಾಡುತ್ತದೆ. ಆಗ ಶಿರಸಿಯಲ್ಲಿ ಉಳಿದು ಒಂದು ದಿನ ಮಾತ್ರ ಘಟ್ಟ ಇಳಿಯುವುದು ಜಾಣತನ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ವಾರ ಅಲ್ಲಿ ರೂಮಿನ ಆಸೆ ಬಿಡಿ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ ಹಾಗೂ ಶಿವರಾತ್ರಿಯಲ್ಲಿ ಗೋಕರ್ಣವೂ ಹಾಗೆಯೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವಂತಿಲ್ಲ, ಘಟ್ಟದ ರಸ್ತೆಗಳನ್ನು ನೆಚ್ಚುವಂತೆಯೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುವುದರಿಂದ, ಮೀನೂಟಕ್ಕೆಂದೇ ಬರುವವರಿಗೆ ಆಗ ಸಿಗುವುದು ಹೆಚ್ಚಿನ ದರ ಮತ್ತು ಐಸಿನಲ್ಲಿಟ್ಟ ಮೀನು.

ವಾರದಲ್ಲಿ ಭಾನುವಾರ ಬೆಳಿಗ್ಗೆ ತಲುಪಿ ಬುಧವಾರ ಸಂಜೆ ಹೊರಡುವ ಹಾಗೆ ದಿನ ಗೊತ್ತುಮಾಡಿ. ನೀವು ಗೋಕರ್ಣಕ್ಕೆ ಹೋಗುವ ಹೊತ್ತಿಗೆ ವಾರಾಂತ್ಯದ ಜನ ಊರು ಸೇರಿರುತ್ತಾರೆ.

ಟಿಕೆಟ್ ಮತ್ತು ಬಸ್ಸು

ಬೆಂಗಳೂರಿನವರಿಗೆ ರಾತ್ರಿ ಹೊರಟು ಬೆಳಿಗ್ಗೆ ಇಳಿಸುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಕಾರವಾರದ ತನಕ ಹೋಗದೆ ಕುಮಟಾದಲ್ಲೇ ಇಳಿಯಿರಿ. ಬುಕಿಂಗ್ 60 ದಿನ ಮುಂಚೆ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ರಜೆಯ ದಿನಗಳಿಗೆ ಅದೇ ಬೆಳಿಗ್ಗೆ ಕೂರಬೇಕು, ತತ್ಕಾಲ್ ನೆಚ್ಚಿ ಕೂತರೆ ಹೆಚ್ಚಿನ ಶುಲ್ಕ, ಖಚಿತವಾದ ಟಿಕೆಟ್ ರದ್ದು ಮಾಡಿದರೆ ಹಣವೂ ವಾಪಸಿಲ್ಲ. 5 ತುಂಬದ ಮಗುವಿಗೆ ಟಿಕೆಟ್ ಬೇಡ. 5ರಿಂದ 12ರೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ಏಳು ವರ್ಷದ ಹುಡುಗನನ್ನು ರಾತ್ರಿಯಿಡೀ ಪಕ್ಕದಲ್ಲಿ ಒತ್ತರಿಸಿ ಮಲಗಿಸಿ ಇನ್ನೂರು ರೂಪಾಯಿ ಉಳಿಸಿದರೆ ಮರುದಿನ ಇಡೀ ಕುಟುಂಬ ತೂಕಡಿಸುತ್ತದೆ. ಇಲ್ಲಿ ಜಿಪುಣತನ ಬೇಡ.

ಹುಬ್ಬಳ್ಳಿ, ಧಾರವಾಡದ ಕಡೆಯವರಿಗೆ ಬಸ್ಸೇ ಗತಿ. ಹುಬ್ಬಳ್ಳಿ–ಅಂಕೋಲಾ ರೈಲಿನ ಸುದ್ದಿ ಕೇಳುತ್ತ ಒಂದು ತಲೆಮಾರೇ ಮುಗಿದಿದೆ. ಆದರೆ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಲೆಕ್ಕವೇ ಬೇರೆಯಾಗಿದೆ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರು, ಹೆಣ್ಣುಮಕ್ಕಳು ದುಡ್ಡು ಕೊಡಬೇಕಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಅಜ್ಜಿ, ಅಮ್ಮ, ಮಗಳು, ಅಪ್ಪ ಇರುವ ಮನೆಗೆ ಟಿಕೆಟ್ ಒಂದೇ! ಮೂಲ ಕಾರ್ಡ್ ಇಟ್ಟುಕೊಳ್ಳಿ, ಝೆರಾಕ್ಸ್ ನೆಚ್ಚಬೇಡಿ. ಶೂನ್ಯ ಟಿಕೆಟನ್ನು ಇಳಿಯುವವರೆಗೂ ಎಸೆಯಬೇಡಿ, ಚೆಕಿಂಗ್‌ನವರು ಅದನ್ನೂ ಕೇಳುತ್ತಾರೆ.

ರೂಮು ಕೇಳುವಾಗ

ಆ್ಯಪಿನಲ್ಲಿ ದರ ನೋಡಿ, ಆಮೇಲೆ ನೇರವಾಗಿ ಲಾಡ್ಜಿಗೇ ಫೋನ್ ಮಾಡಿ. ಮೊದಲು ಕೇಳಬೇಕಾದದ್ದು: ಚೆಕ್‌ಔಟ್ 24 ತಾಸಿನದೋ, ಮಧ್ಯಾಹ್ನ 12ರದೋ? ಬೆಳಿಗ್ಗೆಯೇ ರೈಲಿನಿಂದ ಇಳಿಯುವವರಿಗೆ ಇದೇ ಮುಖ್ಯ. 12ರ ಲಾಡ್ಜಿನಲ್ಲಿ ಬೆಳಿಗ್ಗೆ 7ಕ್ಕೆ ಒಳಹೊಕ್ಕರೆ ಕೆಲವರು ಆ ಐದು ತಾಸಿಗೇ ಒಂದು ದಿನದ ಬಾಡಿಗೆ ಹಾಕುತ್ತಾರೆ. 24 ತಾಸಿನದಾದರೆ ಭಾನುವಾರದಿಂದ ಬುಧವಾರದ ಬೆಳಿಗ್ಗೆವರೆಗೆ ಸರಿಯಾಗಿ ಮೂರೇ ಬಾಡಿಗೆ. ಬುಧವಾರ ಸಂಜೆಯ ರೈಲಿನ ತನಕ ಬ್ಯಾಗನ್ನು ಕೌಂಟರಿನಲ್ಲಿ ಇಡಲು ಬಿಡುತ್ತಾರೋ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ. ಹೆಚ್ಚುವರಿ ಹಾಸಿಗೆಗೆ ಎಷ್ಟು, ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ, ಬಿಸಿನೀರು ಎಷ್ಟು ಹೊತ್ತಿಗೆ ಎಂಬುದೂ ಆಗಲೇ ತಿಳಿಯಲಿ.

ನಾಲ್ಕು ದಿನ

ಭಾನುವಾರ ದೂರ ಹೋಗಬೇಡಿ. ಸ್ನಾನ, ನಿದ್ದೆ, ಮಧ್ಯಾಹ್ನದ ಊಟ, ಸಂಜೆ ವನ್ನಳ್ಳಿ ಕಡಲತೀರ. ಅಷ್ಟು ಸಾಕು.

ಸೋಮವಾರ ಗೋಕರ್ಣ. ಹೋಗುವಾಗ ನೇರ ಬಸ್ಸು ಬಿಟ್ಟು ಕುಮಟಾದಿಂದ ಅಘನಾಶಿನಿ ಎಂಬ ಹಳ್ಳಿಗೆ ಹೋಗುವ ಬಸ್ಸು ಹತ್ತಿ. ನದಿ ಕಡಲಿಗೆ ಸೇರುವ ಜಾಗ ಅದು. ಅಲ್ಲಿಂದ ಆಚೆದಡದ ತದಡಿಗೆ ಊರವರೇ ಓಡಾಡುವ ದೋಣಿ ಇದೆ. ಪ್ರವಾಸಿ ಬೋಟಿನವರು ಸಾವಿರಗಟ್ಟಲೆ ಕೇಳುವ ನೋಟವನ್ನು ಈ ದೋಣಿ ಚಿಲ್ಲರೆ ಕಾಸಿಗೆ ತೋರಿಸುತ್ತದೆ. ಮೀನಿನ ಬುಟ್ಟಿಯ ಪಕ್ಕ ಕೂತ ಮಕ್ಕಳು ಕೈ ಚಾಚಿದರೆ ನೀರು. ಇಳಿತದ ಹೊತ್ತಾದರೆ ಸೊಂಟದಷ್ಟು ನೀರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಜೀವಿ ಆರಿಸುವವರೂ ಕಾಣುತ್ತಾರೆ. ಕೊನೆಯ ದೋಣಿ ಎಷ್ಟೊತ್ತಿಗೆ ಎಂದು ದಡದಲ್ಲೇ ಕೇಳಿಕೊಳ್ಳಿ. ವಾಪಸಿಗೆ ಅದನ್ನು ನೆಚ್ಚದೆ ಗೋಕರ್ಣದಿಂದ ಕುಮಟಾ ಬಸ್ಸು ಹಿಡಿಯಿರಿ. ತದಡಿಯಿಂದ ಗೋಕರ್ಣಕ್ಕೆ ಬಸ್ಸು ಅಥವಾ ಆಟೋ. ಮಹಾಬಲೇಶ್ವರನ ದರ್ಶನಕ್ಕೆ ಗಂಡಸರಿಗೆ ಪಂಚೆ ಬೇಕು, ಮನೆಯಿಂದಲೇ ತನ್ನಿ. ಊರಿನಿಂದ ಕುಡ್ಲೆ ತೀರ ಅರ್ಧ ತಾಸಿನೊಳಗಿನ ನಡಿಗೆ, ಅಲ್ಲಿಂದ ಗುಡ್ಡದ ಹಾದಿಯಲ್ಲಿ ಓಂ ತೀರ. ಬಂಡೆಗಳಿರುವ ಬದಿ ಸೆಳೆತ ಹೆಚ್ಚು. ಮಕ್ಕಳು ನೀರಿಗಿಳಿಯುವುದಾದರೆ ಮರಳಿನ ನಡುಭಾಗದಲ್ಲಿ, ಮೊಣಕಾಲಿನ ಆಳಕ್ಕೆ, ಜೀವರಕ್ಷಕರಿರುವ ಕಡೆ ಮಾತ್ರ.

ಮಂಗಳವಾರ ಕಾರಿನ ದಿನ. ಬಾಡಿಗೆ ಕಾರುಗಳಿಗೆ ದಿನಕ್ಕೆ ಕನಿಷ್ಠ ಕಿಲೋಮೀಟರ್ ಇರುತ್ತದೆ, ಹೆಚ್ಚಾಗಿ 250 ಅಥವಾ 300. ಬರೀ ಯಾಣಕ್ಕೆ ಹೋಗಿ ಬಂದರೆ 60 ಕಿ.ಮೀ. ಓಡಿ 250ರ ದುಡ್ಡು ಕೊಟ್ಟ ಹಾಗೆ. ಹಾಗಾಗಿ ಬಸ್ಸು ಕಷ್ಟವಿರುವ ಜಾಗಗಳನ್ನೆಲ್ಲ ಈ ದಿನಕ್ಕೆ ಪೋಣಿಸಿ: ಬೆಳಿಗ್ಗೆ ಯಾಣ, ಮಧ್ಯಾಹ್ನಕ್ಕೆ ಶಿರಸಿಯ ಮಾರಿಕಾಂಬೆ, ಸಂಜೆ ಶಾಲ್ಮಲೆಯ ಸಹಸ್ರಲಿಂಗ, ದೇವಿಮನೆ ಘಟ್ಟ ಇಳಿದು ವಾಪಸ್. ಹೊಳೆಯಲ್ಲಿ ನೀರು ಇಳಿಯದ ತಿಂಗಳುಗಳಲ್ಲಿ ಲಿಂಗಗಳು ಮುಳುಗಿರುತ್ತವೆ. ಆಗ ಅದರ ಬದಲು ಬನವಾಸಿಯ ಮಧುಕೇಶ್ವರ ಇರಲಿ. ಶಿರಸಿ–ಕುಮಟಾ ರಸ್ತೆ ಕಾಮಗಾರಿಗೋ ಮಳೆಗೋ ಮುಚ್ಚಿರುವುದುಂಟು, ಹಿಂದಿನ ದಿನ ವಿಚಾರಿಸಿ. ಕಿಲೋಮೀಟರ್ ದರ, ಚಾಲಕರ ಭತ್ಯೆ, ಪಾರ್ಕಿಂಗ್ ಯಾರದ್ದು, ಕಿಲೋಮೀಟರ್ ಎಲ್ಲಿಂದ ಎಣಿಕೆ ಎಂಬ ನಾಲ್ಕನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟರೆ ಸಂಜೆ ಜಗಳ ಖಾತ್ರಿ. ಘಟ್ಟದ ತಿರುವಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ಬೆಳಿಗ್ಗೆ ಎರಡು ಇಡ್ಲಿಗಿಂತ ಹೆಚ್ಚು ಬೇಡ, ಬನ್ಸ್ ಅಂತೂ ಬೇಡವೇ ಬೇಡ. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬಂಡೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕೂಗಾಟ, ಕಲ್ಲೆಸೆತ ಖಂಡಿತ ಬೇಡ.

ಬುಧವಾರ ಬಸ್ಸಿನಲ್ಲಿ ಮುರುಡೇಶ್ವರ, ಬರುವಾಗ ಕಾಸರಕೋಡಿನ ಇಕೋ ಬೀಚ್. ಹೆದ್ದಾರಿ ಬಸ್ಸುಗಳು ಕ್ರಾಸಿನಲ್ಲಿ ಇಳಿಸುತ್ತವೆ, ದೇವಸ್ಥಾನಕ್ಕೆ ಮುಂದೆ ಆಟೋ. ರಾಜಗೋಪುರದ ಲಿಫ್ಟಿಗೆ ಬೆಳಿಗ್ಗೆ ಸಾಲು ಕಡಿಮೆ. ಸಂಜೆಯ ರೈಲಿಗೆ ಎರಡು ತಾಸು ಮೊದಲೇ ಕುಮಟಾ ಸೇರಿ.

ಕಾರವಾರ ಬಿಟ್ಟುಹೋಯಿತಲ್ಲ ಎನ್ನುವವರು ಬುಧವಾರವನ್ನು ಅದಕ್ಕೆ ಕೊಡಬಹುದು. ಟಾಗೋರ್ ಕಡಲತೀರವೂ ಅಲ್ಲೇ ದಡದಲ್ಲಿ ನಿಲ್ಲಿಸಿರುವ ಚಪಲ ಯುದ್ಧನೌಕೆಯೂ ಬಸ್ ಸ್ಟ್ಯಾಂಡಿನಿಂದ ನಡೆಯುವ ದೂರದಲ್ಲಿವೆ. ಮುರುಡೇಶ್ವರ, ಕಾರವಾರ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಅವು ಕುಮಟಾದ ಎರಡು ವಿರುದ್ಧ ದಿಕ್ಕುಗಳು.

ಊಟ ಮತ್ತು ಲೆಕ್ಕ

ಮೀನೂಟದ ದರ ಬೋರ್ಡಿನಲ್ಲಿರುತ್ತದೆ, ಪಾಪ್ಲೆಟ್, ಇಸ್ವಾಣ ಫ್ರೈ ದರ ಮಾತ್ರ ಗಾತ್ರದ ಮೇಲೆ. ಕೇಳದೆ ತರಿಸಿದರೆ ಊಟಕ್ಕಿಂತ ಫ್ರೈ ಬಿಲ್ಲೇ ದೊಡ್ಡದು. ಬಂಗಡೆ ತಿಂದವರು ಜೇಬಿಗೂ ನಾಲಿಗೆಗೂ ಮೋಸ ಹೋಗುವುದಿಲ್ಲ.

ಅಪ್ಪ, ಅಮ್ಮ, ಹತ್ತರ ಮಗಳು, ಏಳರ ಮಗ ಬೆಂಗಳೂರಿನಿಂದ ಬರುವುದಾದರೆ ಹೀಗೆ ತೆಗೆದಿಡಿ: ರೈಲು ಸ್ಲೀಪರ್ ಹೋಗಿಬರಲು 4,000, ರೂಮು ಮೂರು ದಿನಕ್ಕೆ 4,500, ಊಟ ತಿಂಡಿ 4,200, ಕಾರು 4,500, ಬಸ್ಸು 400, ಆಟೋ, ದೋಣಿ, ಕಾಣಿಕೆ, ಎಳನೀರು ಸೇರಿ 1,500. ಒಟ್ಟು 19,100. ಕೈಮೀರಿದರೆ ಇರಲೆಂದು 1,900 ಸೇರಿಸಿ 21,000. ಹುಬ್ಬಳ್ಳಿಯಿಂದಾದರೆ ರೈಲಿನ 4,000ದ ಜಾಗದಲ್ಲಿ ಅಪ್ಪನ ಪೂರ್ತಿ, ಮಗನ ಅರ್ಧ ಬಸ್ ಟಿಕೆಟ್ ಮಾತ್ರ. ಇನ್ನೂ ಇಳಿಸಬೇಕೆಂದರೆ ಮೊದಲು ಕಾರನ್ನು ಕೈಬಿಡಿ, ರೂಮನ್ನಲ್ಲ. ಯಾಣದ ಬದಲು ಮಿರ್ಜಾನ್ ಕೋಟೆಗೆ ಬಸ್ಸಿನಲ್ಲಿ ಹೋಗಿ, ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ನಡಿಗೆ ಅಷ್ಟೇ.

ಬೇಸಿಗೆಯಲ್ಲಿ ಬಂದವರು ಕುಮಟಾದ ಸಿಹಿ ಈರುಳ್ಳಿಯ ಗೊಂಚಲು ಕೊಳ್ಳದೆ ಹೋಗುವುದಿಲ್ಲ. ಕೊಳ್ಳುವಾಗ ಕತ್ತಿನ ಭಾಗ ಪೂರ್ತಿ ಒಣಗಿದೆಯೇ ಎಂದು ಹಿಚುಕಿ ನೋಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ರೈಲಿನಲ್ಲೇ ಬೆವರಿ ಕೊಳೆಯಲು ಶುರುವಾಗುತ್ತದೆ. ಬಟ್ಟೆ ಚೀಲದಲ್ಲಿ ಒಯ್ದು, ಮನೆ ಮುಟ್ಟಿದ ದಿನವೇ ಗಾಳಿಯಾಡುವ ಕಡೆ ತೂಗುಹಾಕಿ.