ಶ್ವಾಸಕೋಶ ವೈದ್ಯಶಾಸ್ತ್ರದ ಎಂ.ಡಿ.: ಓದು ಮತ್ತು ಸಂಶೋಧನೆಗೆ ಸಿದ್ಧತೆ

ಎಂ.ಬಿ.ಬಿ.ಎಸ್. ಮುಗಿಸಿ, ನೀಟ್ ಪಿ.ಜಿ. ಬರೆದು, ಕೌನ್ಸೆಲಿಂಗ್‌ನಲ್ಲಿ ಸೀಟು ಪಡೆದವರಿಗೆ ಇದು 3 ವರ್ಷಗಳ ಓದು. ಕಾಲೇಜು ಆರಿಸುವ ಮುನ್ನ ಅಲ್ಲಿ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮತ್ತು ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ನಿತ್ಯವೂ ನಡೆಯುತ್ತವೆಯೇ ಎಂಬುದನ್ನು ಅಲ್ಲಿನ ಹಿರಿಯ ವಿದ್ಯಾರ್ಥಿಗಳಿಂದ ತಿಳಿದುಕೊಳ್ಳಿ.

ಪ್ರಬಂಧದ ವಿಷಯವನ್ನು ಮೊದಲ ತಿಂಗಳುಗಳಲ್ಲೇ ನಿರ್ಧರಿಸುವುದು ಒಳ್ಳೆಯದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು, ಹತ್ತಿ ಜಿನ್ನಿಂಗ್ ಗಿರಣಿಗಳ ಕಾರ್ಮಿಕರು, ಕಟ್ಟಿಗೆ ಒಲೆಯ ಹೊಗೆಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ನಮ್ಮ ಸುತ್ತಲೇ ಇರುವಾಗ ದೂರದ ಪ್ರಶ್ನೆಯನ್ನು ಎರವಲು ತರಬೇಕಿಲ್ಲ. ಬೀಡಿ, ಸಿಗರೇಟು ಮುಟ್ಟದವರಿಗೂ ಸಿ.ಒ.ಪಿ.ಡಿ. (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಬರುತ್ತದೆ ಎಂಬುದು ಇಲ್ಲಿನ ವೈದ್ಯರಿಗೆ ಮರೆಯಬಾರದ ಸಂಗತಿ. ಪ್ರಯೋಗಾಲಯದ ಅರಿವನ್ನು ರೋಗಿಯ ಹಾಸಿಗೆಗೂ ಹಳ್ಳಿಯ ಆರೋಗ್ಯ ಕೇಂದ್ರಕ್ಕೂ ತಲುಪಿಸುವ ಸಂಶೋಧನೆಗೆ ಸಿ.ಬಿ.ನ್ಯಾಟ್ ಎಂಬ ಜೀನ್ ಆಧಾರಿತ ಪರೀಕ್ಷೆ ಒಳ್ಳೆಯ ಮಾದರಿ: ಕಫದಲ್ಲಿ ಕ್ಷಯದ ರೋಗಾಣುವನ್ನೂ ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಅದು ತೋರುವ ಪ್ರತಿರೋಧವನ್ನೂ ಅದು ಸುಮಾರು 2 ಗಂಟೆಯಲ್ಲಿ ತೋರಿಸುತ್ತದೆ.

ನೈತಿಕ ಸಮಿತಿಯ ಅನುಮತಿ ಬರುವವರೆಗೆ ಒಬ್ಬ ರೋಗಿಯ ಮಾಹಿತಿಯನ್ನೂ ಸಂಗ್ರಹಿಸಬೇಡಿ; ಚಿಕಿತ್ಸಾ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಸಿ.ಟಿ.ಆರ್.ಐ.ಯಲ್ಲಿ (ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ವ್ಯವಸ್ಥೆ) ನೋಂದಾಯಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿರಿ.

ಸ್ಪೈರೋಮೆಟ್ರಿಯಲ್ಲಿ ಸರಿಯಾದ ಊದುವಿಕೆ ಕನಿಷ್ಠ 3 ಬಾರಿ ಬೇಕು. ಅದು ಯಂತ್ರಕ್ಕಿಂತ ಮಾತನ್ನು ಅವಲಂಬಿಸಿದೆ. “ಜೋರಾಗಿ ಊದ್ರಿ, ಇನ್ನೂ ಊದ್ರಿ, ಬಿಡಬ್ಯಾಡ್ರಿ” ಎಂದು ಊರಿನ ಮಾತಿನಲ್ಲೇ ಹುರಿದುಂಬಿಸುವುದನ್ನು ತಂತ್ರಜ್ಞರಿಂದ ಕಲಿಯಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಕಳೆಯುವ 3 ತಿಂಗಳಲ್ಲಿ, ಇನ್‌ಹೇಲರ್ ಬರೆಸಿಕೊಂಡವರು ಅದನ್ನು ಸರಿಯಾಗಿ ಎಳೆಯುತ್ತಿದ್ದಾರೆಯೇ ಎಂದು ಪರೀಕ್ಷಿಸಿ ದಾಖಲಿಸಿಕೊಳ್ಳಿ.