ತಡ್ಪೆಯ ಎದುರು ಕ್ಯಾಮೆರಾ: ಬೀಡಿ ಕಟ್ಟುವ ಮನೆಗಳಲ್ಲಿ ಭಂಗಿ ಮತ್ತು ನೋವಿನ ಲೆಕ್ಕ

ಮಂಗಳೂರಿನ ಸುತ್ತ ಉಳ್ಳಾಲ, ಕೋಟೆಕಾರು, ಗುರುಪುರದ ಕಡೆ ಬೀಡಿ ಕಟ್ಟುವುದು ಮನೆಯ ಜಗಲಿಯಲ್ಲಿ, ನೆಲದ ಮೇಲೆ ಕೂತು, ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು. ಎರ್ಗಾನಾಮಿಕ್ಸ್‌ನವರು, ಅಂದರೆ ಕೆಲಸ ಮೈಗೆ ಹೊಂದುತ್ತದೆಯೇ ಎಂದು ಅಧ್ಯಯನ ಮಾಡುವವರು, ಬಳಸುವ ನಮೂನೆಗಳು ಹೆಚ್ಚಾಗಿ ಕುರ್ಚಿ, ಮೇಜು, ಯಂತ್ರ ಇರುವ ಕಡೆ ಹುಟ್ಟಿದವು. ಹಾಗೇ ತಂದು ಜಗಲಿಯಲ್ಲಿ ಬಿಚ್ಚಿದರೆ ಅಂಕಿ ಬರುತ್ತದೆ, ಅರ್ಥ ಬರುವುದಿಲ್ಲ.

ನೋವಿಗೆ ನಾವು ಬಳಸುವುದು 1987ರ ನಾರ್ಡಿಕ್ ಪ್ರಶ್ನಾವಳಿ. ಕುತ್ತಿಗೆಯಿಂದ ಪಾದದವರೆಗೆ ಮೈಯ 9 ಭಾಗ. ಕಳೆದ 12 ತಿಂಗಳಲ್ಲಿ ತೊಂದರೆ ಇತ್ತೇ, ಅದರಿಂದ ಕೆಲಸಕ್ಕೆ ಅಡ್ಡಿಯಾಯಿತೇ, ಕಳೆದ 7 ದಿನಗಳಲ್ಲಿ ಇತ್ತೇ ಎಂದು ಪ್ರತಿ ಭಾಗಕ್ಕೂ ಕೇಳಬೇಕು. ಎಡವುವುದು ಮೊದಲ ಪ್ರಶ್ನೆಯಲ್ಲೇ. ತುಳುವಿನಲ್ಲಿ ‘ಕೈ ಬೇನೆ’ ಎಂದರೆ ಬೆರಳಿನಿಂದ ತೋಳಿನವರೆಗೆ ಎಲ್ಲಿ ಬೇಕಾದರೂ ಆಗಬಹುದು. ಕನ್ನಡದ ‘ಕೈನೋವು’ ಕೂಡ ಅಷ್ಟೇ. ಅದನ್ನು ‘ಮಣಿಕಟ್ಟು’ ಕಾಲಂನಲ್ಲಿ ಬರೆದರೆ ಮೊಣಕೈ ನೋವೂ ಅಲ್ಲಿಗೇ ಹೋಗಿ ಸೇರುತ್ತದೆ. ಕಂಟೆಲ್ (ಕುತ್ತಿಗೆ), ಪುಗೆಲ್ (ಭುಜ) ಎಂದು ಕೇಳಿದರೆ ಕೂಡಲೇ ಉತ್ತರ ಸಿಗುತ್ತದೆ, ಮಣಿಕಟ್ಟು ಎಂದರೆ ಸುಮ್ಮನೆ ತಲೆಯಾಡಿಸುತ್ತಾರೆ. ಹಾಗಾಗಿ ಪದ ಓದಿ ಹೇಳುವುದನ್ನು ಬಿಟ್ಟು, ಮೈಯ ಚಿತ್ರವನ್ನು ಎ3 ಹಾಳೆಯಲ್ಲಿ ಮುದ್ರಿಸಿ ಮುಂದಿಟ್ಟು, ಬೆರಳಿಟ್ಟು ತೋರಿಸಿ ಎನ್ನುತ್ತೇವೆ. ಮೂಲದ ಚಿತ್ರ ಹಿಂಬದಿಯದು, ಅಂದರೆ ಚಿತ್ರದ ಎಡವೇ ನೋಡುವವರ ಎಡ. ಚಂದ ಕಾಣಲೆಂದು ಮುಂಬದಿಯ ಚಿತ್ರ ಹಾಕಿದರೆ ಎಡಬಲ ಅದಲುಬದಲಾಗುತ್ತದೆ. ಬೀಡಿಯಲ್ಲಿ ಎರಡು ಕೈಗೂ ಬೇರೆ ಬೇರೆ ಕೆಲಸ ಇರುವುದರಿಂದ ಇದು ಸಣ್ಣ ತಪ್ಪಲ್ಲ.

‘12 ತಿಂಗಳು’ ಎಂದರೆ ಯಾರೂ ಕ್ಯಾಲೆಂಡರ್ ಎಣಿಸುವುದಿಲ್ಲ. ಕಳೆದ ಆಟಿ ತಿಂಗಳಲ್ಲಿ (ತುಳುವರ ಆಷಾಢ) ಇತ್ತಾ, ರಂಜಾನ್ ಉಪವಾಸದ ಹೊತ್ತಿಗೆ ಇತ್ತಾ ಎಂದು ಗುರುತು ಕೊಟ್ಟು ಕೇಳಬೇಕು. ಕೆಲಸಕ್ಕೆ ಅಡ್ಡಿಯಾಯಿತೇ ಎಂಬ ಎರಡನೆಯ ಪ್ರಶ್ನೆ ಇಲ್ಲಿ ಉಪಯೋಗಕ್ಕೇ ಬರುವುದಿಲ್ಲ. ಕಟ್ಟಿದಷ್ಟಕ್ಕೆ ಮಜೂರಿ ಸಿಗುವ ಮನೆಗೆಲಸಕ್ಕೆ ರಜೆ ಎಂಬುದಿಲ್ಲ, ನೋವಿದ್ದರೂ ನಿಧಾನವಾಗಿ ಕಟ್ಟುತ್ತಾರೆ. ‘ಆ ವಾರ ಬ್ರಾಂಚಿಗೆ ಕೊಟ್ಟ ಬೀಡಿ ಕಡಿಮೆಯಾಯಿತಾ?’ ಎಂಬ ಪ್ರಶ್ನೆಯನ್ನು ನಾವೇ ಸೇರಿಸಿಕೊಂಡಿದ್ದೇವೆ. (ಬ್ರಾಂಚು ಎಂದರೆ ಎಲೆ, ತಂಬಾಕು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕೇಂದ್ರ.) ಮೂಲ ಪ್ರಶ್ನೆಯನ್ನು ತೆಗೆಯಬಾರದು, ಬೇರೆ ಅಧ್ಯಯನಗಳ ಜೊತೆ ಹೋಲಿಸಲು ಅದು ಬೇಕು. ಮತ್ತೆ, ಬ್ರಾಂಚಿನವರ ಜೊತೆಗೆ ಮನೆಗೆ ಹೋಗಲೇಬೇಡಿ. ಎಲೆ ಕೊಡುವುದು ನಿಂತೀತೆಂಬ ಹೆದರಿಕೆ ಇದ್ದ ಕಡೆ ನೋವು ಇರುವುದೇ ಇಲ್ಲ. ಪರಿಹಾರ ಸಿಗುತ್ತದೆಂಬ ಸುದ್ದಿ ಹಬ್ಬಿದ ಕಡೆ ಒಂಬತ್ತೂ ಭಾಗ ನೋಯುತ್ತವೆ.

ಭಂಗಿಗೆ ರೂಲಾ, ಕೈ, ಕುತ್ತಿಗೆ, ಬೆನ್ನಿನ ಕೋನ ನೋಡಿ ಅಂಕ ಹಾಕುವ 1993ರ ಪದ್ಧತಿ. ಅಂಕ 1ರಿಂದ 7; 7 ಬಂದರೆ ಕೂಡಲೇ ಬದಲಾಯಿಸಬೇಕು ಎಂದರ್ಥ. ಕುತ್ತಿಗೆ ಮುಂದಕ್ಕೆ 10 ಡಿಗ್ರಿಯವರೆಗೆ ಬಾಗಿದರೆ 1, 20ರವರೆಗೆ 2, ಅದಕ್ಕಿಂತ ಹೆಚ್ಚಾದರೆ 3. ಒಂದು ಡಿಗ್ರಿಯಲ್ಲಿ ಅಂಕ ಬದಲಾಗುವಾಗ ಕ್ಯಾಮೆರಾ ನೆಟ್ಟಗಿರಲೇಬೇಕು. ಮೊಬೈಲ್ 5 ಡಿಗ್ರಿ ಓರೆಯಾದರೆ ನೆಟ್ಟಗೆರೆಯಿಂದ ಅಳೆಯುವ ಎಲ್ಲ ಕೋನವೂ 5 ಡಿಗ್ರಿ ತಪ್ಪು. ಗಾರೆ ಮೇಸ್ತ್ರಿಯ ತೂಗುಗುಂಡನ್ನು ಜಗಲಿಯ ಪಕ್ಕಾಸಿಗೆ (ಮಾಡಿನ ಮರದ ಪಟ್ಟಿಗೆ) ಕಟ್ಟಿ ಚಿತ್ರದೊಳಗೆ ಕಾಣುವಂತೆ ಇಳಿಬಿಡುತ್ತೇವೆ, ಕೋನ ಅಳೆಯುವುದು ಆ ದಾರದಿಂದ. ಇಡೀ ಚೀಲದಲ್ಲಿ ಅತಿ ಅಗ್ಗದ ಸಾಮಾನು ಅದು, ಅದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ.

ಕ್ಯಾಮೆರಾ ಕೂತವರ ಸರಿಯಾಗಿ ಪಕ್ಕದಲ್ಲಿ, ಭುಜದ ಎತ್ತರಕ್ಕೆ ಇರಬೇಕು. 3 ಮೀಟರ್ ದೂರ ಸಿಕ್ಕರೆ ಒಳ್ಳೆಯದು, ಜಗಲಿಯ ಅಗಲ ಅಷ್ಟಿರುವುದಿಲ್ಲ. ಆಗ ವೈಡ್ ಆ್ಯಂಗಲ್ ಒತ್ತುವ ಬದಲು ಟ್ರೈಪಾಡನ್ನು ಅಂಗಳಕ್ಕೆ ಇಳಿಸಿ. ವೈಡ್‌ನಲ್ಲಿ ಅಂಚಿನ ಗೆರೆಗಳು ಬಾಗುತ್ತವೆ. ಈ ಕ್ಯಾಮೆರಾಕ್ಕೆ ಮಣಿಕಟ್ಟು ಕಾಣುವುದಿಲ್ಲ, ತಡ್ಪೆಯ ಅಂಚು ಮರೆಮಾಡುತ್ತದೆ. ಅದಕ್ಕೆ ಎದುರಿನಿಂದ, ಸ್ವಲ್ಪ ಮೇಲಿನಿಂದ ಇನ್ನೊಂದು ಮೊಬೈಲ್. ಎರಡನ್ನೂ ಚಾಲೂ ಮಾಡಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ ಆಮೇಲೆ ಹೊಂದಿಸುವುದು ಸುಲಭ. ಕುತ್ತಿಗೆಯ ಕೋನ ಅಳೆಯಲು ಬೇಕಾದ ಕಿವಿ, ಕುತ್ತಿಗೆಯ ಬುಡ ಎರಡೂ ತಲೆಗೆ ಶಾಲು ಹೊದ್ದವರಲ್ಲಿ ಕಾಣುವುದಿಲ್ಲ. ಗುರುತಿಗೆಂದು ಬಟ್ಟೆಗೆ ಸ್ಟಿಕರ್ ಅಂಟಿಸಿದರೆ ಬಟ್ಟೆಯ ಜೊತೆ ಅದೂ ಸರಿಯುತ್ತದೆ. ಶಾಲಿನ ಮೇಲಿಂದಲೇ ಪಟ್ಟಿ ಕಟ್ಟಿ ಅದರಲ್ಲಿ ಸಣ್ಣ ಓರೆಮಾಪಕ ಇಟ್ಟು, ನೇರ ಕೂತು ಎದುರು ನೋಡುವಾಗ ಸೊನ್ನೆ ಮಾಡಿಕೊಳ್ಳುವುದು ಉತ್ತಮ. ಅದು ತಲೆಯ ಬಾಗನ್ನಷ್ಟೇ ಹೇಳುತ್ತದೆ, ಬೆನ್ನಿನ ಬಾಗನ್ನು ಅದರಿಂದ ಕಳೆಯಬೇಕು. ಮನೆಯೊಳಗೆ ಹೆಂಗಸರ ವಿಡಿಯೊ ಆದ್ದರಿಂದ ಚಿತ್ರೀಕರಿಸುವವರೂ ಹೆಂಗಸರೇ ಆಗಿರಬೇಕು. ಮುಖ ಮಸುಕು ಮಾಡುವ ಮಾತನ್ನು ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು.

ಮೊದಲ 15 ನಿಮಿಷದ ಚಿತ್ರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿರುತ್ತಾರೆ. ಕ್ಯಾಮೆರಾ ಬಿಟ್ಟು ನಾವು ಅಂಗಳದಾಚೆ ಹೋಗುತ್ತೇವೆ. ಆಮೇಲಿನ 20 ನಿಮಿಷದಲ್ಲಿ ಪ್ರತಿ 15 ಸೆಕೆಂಡಿಗೆ ಒಂದು ಚಿತ್ರ ತೆಗೆದರೆ 80 ಸಿಗುತ್ತವೆ. ನೋಡಲು ಅಚ್ಚುಕಟ್ಟು, ಆದರೆ ಒಂದು ಉರುಳು ಇದೆ. ಎಲೆಗೆ ತಂಬಾಕಿನ ಹುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವ ಸುತ್ತು ನುರಿತ ಕೈಯಲ್ಲಿ ಗಡಿಯಾರದಂತೆ ಒಂದೇ ಲಯದಲ್ಲಿ ನಡೆಯುತ್ತದೆ. ಆ ಲಯಕ್ಕೂ ನಮ್ಮ 15 ಸೆಕೆಂಡಿಗೂ ತಾಳ ಕೂಡಿದರೆ ಎಂಬತ್ತರಲ್ಲೂ ನೂಲು ಕಟ್ಟುವ ಮಣಿಕಟ್ಟೇ ಸಿಗುತ್ತದೆ. 80 ಹೊತ್ತುಗಳನ್ನು ಕಂಪ್ಯೂಟರಿನಲ್ಲಿ ಮೊದಲೇ ಚೀಟಿ ಎತ್ತಿದ ಹಾಗೆ ಆರಿಸಿ ಇಟ್ಟುಕೊಂಡರೆ ಈ ಕಾಟವಿಲ್ಲ. ಎಲೆ ಕತ್ತರಿಸುವುದು ಬೇರೆಯೇ ಕೆಲಸ, ಹೆಬ್ಬೆರಳಿಗೆ ಭಾರ ಬೀಳುವುದು ಕತ್ತರಿಯಲ್ಲಿ. ಅದಕ್ಕೆ ಪ್ರತ್ಯೇಕ ಚಿತ್ರೀಕರಣ ಬೇಕು. ಸುರುಳಿ ಸುತ್ತುವ ಹೊತ್ತಿಗೆ ಮಾತ್ರ ಹೋಗಿ ಬಂದರೆ ಕತ್ತರಿ ತಪ್ಪಿಹೋಗುತ್ತದೆ.

ಅಂಕ ಹಾಕುವುದು ಇಬ್ಬರು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ. ಇಬ್ಬರ ಅಂಕ ಎಷ್ಟು ಹೊಂದುತ್ತದೆಂದು ಹೇಳುವ, ದೊಡ್ಡ ವ್ಯತ್ಯಾಸಕ್ಕೆ ಹೆಚ್ಚು ತೂಕ ಕೊಡುವ ಕಪ್ಪಾ ಲೆಕ್ಕದಲ್ಲಿ ತಾಳೆ ನೋಡುತ್ತೇವೆ. ಜಗಳ ಹೆಚ್ಚು ಮಣಿಕಟ್ಟಿನ ಅಂಕ ಬದಲಾಗುವ 15 ಡಿಗ್ರಿಯ ಗಡಿಯಲ್ಲಿ.

ಕಾಲಿನ ವಿಷಯದಲ್ಲಿ ರೂಲಾ, ಇಡೀ ಮೈಯ ಭಂಗಿಗೆ ಅಂಕ ಹಾಕುವ ರೆಬಾ ಎರಡೂ ಕುರುಡು. ರೂಲಾದಲ್ಲಿ ಕಾಲಿಗೆ 1 ಅಥವಾ 2 ಅಷ್ಟೇ. ರೆಬಾದಲ್ಲಿ ಮೊಣಕಾಲು 60 ಡಿಗ್ರಿಗಿಂತ ಹೆಚ್ಚು ಮಡಚಿದರೆ 2 ಸೇರಿಸಬೇಕು, ಆದರೆ ಕೂತವರಿಗೆ ಅದು ಅನ್ವಯಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂತವರ ಕಾಲಿಗೆ ಅತಿ ಕಡಿಮೆ ಅಂಕ! ಅಂಕವನ್ನು ನಾವೇ ತಿದ್ದುವಂತಿಲ್ಲ. ಪಕ್ಕದಲ್ಲಿ ಬೇರೆ ಕಾಲಂ ಹಾಕಿ ಕೂತ ಬಗೆ, ಎಷ್ಟು ನಿಮಿಷಕ್ಕೊಮ್ಮೆ ಕಾಲು ಬದಲಾಯಿಸಿದರು, ಗೋಡೆಗೆ ಒರಗಿದ್ದರೇ ಎಂದು ಬರೆಯುತ್ತೇವೆ. ಕಾಲು ಮರಗಟ್ಟಿದರೆ ಅದನ್ನೂ.

ಮಳೆಗಾಲದಲ್ಲಿ ಇದೇ ಮನೆಗೆ ಮತ್ತೊಮ್ಮೆ ಹೋಗಬೇಕು. ಜಗಲಿಗೆ ಎರಚಲು ಬಡಿಯುವಾಗ ತಡ್ಪೆ ಒಳಗೆ ಹೋಗುತ್ತದೆ, ಬೆಳಕು ಕಡಿಮೆಯಾಗಿ ಕುತ್ತಿಗೆ ಇನ್ನಷ್ಟು ಬಾಗಬಹುದು. ಬೆಳಕು ಅಳೆಯುವ ಲಕ್ಸ್ ಮೀಟರನ್ನು ತಡ್ಪೆಯ ಮಟ್ಟದಲ್ಲಿ ಮಟ್ಟಸವಾಗಿ ಹಿಡಿದು, ಅಳೆಯುವವರ ನೆರಳು ಬೀಳದಂತೆ ಓದಬೇಕು. ಮೊಬೈಲ್ ಆ್ಯಪ್ ಓದುವ ಬೆಳಕನ್ನು ನಂಬಬೇಡಿ.

ದಿನಕ್ಕೆ ಎಷ್ಟು ಗಂಟೆ ಎಂಬ ಪ್ರಶ್ನೆಗೆ ಸಿಗುವ ಉತ್ತರ ಊಹೆ. ನಡುವೆ ಅನ್ನ ಬೇಯಿಸುವುದು, ಮಗುವನ್ನು ಎತ್ತುವುದು, ಬಟ್ಟೆ ಒಗೆಯುವುದು ಎಲ್ಲ ಉಂಟು. 100 ಬೀಡಿಗೆ ಹಿಡಿದ ಹೊತ್ತನ್ನು ಗಡಿಯಾರದಲ್ಲಿ ಅಳೆದು, ಬ್ರಾಂಚಿನ ಪುಸ್ತಕದಲ್ಲಿ ಎಷ್ಟು ನೂರು ಬೀಡಿ ಇದೆಯೋ ಅಷ್ಟರಿಂದ ಗುಣಿಸಿದರೆ ಸತ್ಯಕ್ಕೆ ಹತ್ತಿರ ಬರುತ್ತದೆ. ಆದರೆ ಪುಸ್ತಕದಲ್ಲಿ ಹೆಸರು ಒಬ್ಬರದು. ಎಲೆ ಕತ್ತರಿಸಿದ್ದು ಮಗಳು, ಕಟ್ಟು ಮಾಡಿದ್ದು ಅತ್ತೆ. ಯಾರ ಕೈ ಯಾವ ಕೆಲಸದಲ್ಲಿ ಎಂದು ಕೇಳಿ ಬರೆದುಕೊಂಡ ಮೇಲೆಯೇ ಗುಣಾಕಾರ.