ಪ್ರಶ್ನಾವಳಿ ಬದಿಗಿಟ್ಟು ಫೋನ್ ಎತ್ತಿಕೊಂಡೆ

ಹಲವು ರೋಗಿಗಳ ಸಂಘಗಳು ಸೇರಿದ ಒಕ್ಕೂಟ ನಮ್ಮದು. ಆರೋಗ್ಯ ನೀತಿಯಲ್ಲಿ ಮೊದಲು ಏನು ಬದಲಾಗಬೇಕು, ಸಂಘದವರಿಗೆ ಯಾವ ತರಬೇತಿ ಬೇಕು ಅಂತ ಎಲ್ಲರನ್ನೂ ಕೇಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 40 ಪ್ರಶ್ನೆಗಳ ಪ್ರಶ್ನಾವಳಿ ಮಾಡಿ ಕಳಿಸಿದೆ. ಎರಡು ವಾರ ಕಾದರೂ ಬಂದ ಉತ್ತರ ಕೆಲವೇ. ಅವುಗಳಲ್ಲೂ ಎಲ್ಲದರ ಮುಂದೆ ‘ಬಹಳ ಮುಖ್ಯ’ ಅಂತ ಗುರುತು. ಅದರಿಂದ ಏನು ತಿಳಿಯುತ್ತೆ?

ಅಷ್ಟರಲ್ಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಸಂಘ ನಡೆಸುವ ತಾಯಿಯೊಬ್ಬರು ಫೋನ್ ಮಾಡಿದರು. “ಮೇಡಂ, ನೀತಿ ಆದ್ಯತೆ ಅಂದ್ರೆ ಏನು ಬರೀಲಿ? ರಾತ್ರಿ ಆಸ್ಪತ್ರೆಯಲ್ಲಿ ಏನಾಗುತ್ತೆ ಅಂತ ಬೇಕಾದ್ರೆ ಹೇಳ್ತೀನಿ.” ಹೇಳಿ ಅಂದೆ.

ಮಗನ ಮೊಣಕಾಲು ಊದಿಕೊಂಡಿತ್ತು. ರಕ್ತ ಹೆಪ್ಪುಗಟ್ಟಿಸುವ ಔಷಧವಾದ ಫ್ಯಾಕ್ಟರ್‌ನ ಬಾಟಲಿಯನ್ನು ಐಸ್ ಚೀಲದಲ್ಲಿಟ್ಟುಕೊಂಡು ತುರ್ತು ವಿಭಾಗಕ್ಕೆ ಓಡಿದ್ದಾರೆ. ಹೊರಗೆ ಒಂದು ಹನಿ ರಕ್ತ ಕಾಣುತ್ತಿಲ್ಲ. ಡ್ಯೂಟಿ ಡಾಕ್ಟರು, ಮೊದಲು ಎಕ್ಸ್-ರೇ ಆಗಲಿ, ಆಮೇಲೆ ನೋಡೋಣ ಅಂದರಂತೆ. ಕೀಲಿನೊಳಗೆ ರಕ್ತ ಸೋರುವಾಗ ಮೊದಲು ಫ್ಯಾಕ್ಟರ್ ಕೊಡಬೇಕು, ಪರೀಕ್ಷೆ ಆಮೇಲೆ. ತಡವಾದಷ್ಟೂ ಕೀಲು ಹಾಳಾಗುತ್ತೆ. “ಬಾಗಿಲಲ್ಲಿ ನಿಂತು ಅದನ್ನೇ ಹೇಳುತ್ತಿದ್ದೆ, ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು” ಅಂದರು ಆ ತಾಯಿ.

ಫೋನ್ ಇಟ್ಟಾಗ ನನ್ನ ನೋಟ್‌ಬುಕ್‌ನಲ್ಲಿ ಎರಡು ಸಾಲು ಇದ್ದವು. ರೋಗಿಯ ಕಾರ್ಡ್ ನೋಡಿದ ಕೂಡಲೇ ಏನು ಮಾಡಬೇಕು ಅನ್ನುವ ಲಿಖಿತ ನಿಯಮ ತುರ್ತು ವಿಭಾಗದಲ್ಲಿ ಇರಬೇಕು. ಅಲ್ಲಿನ ಸಿಬ್ಬಂದಿಗೆ ಇದನ್ನು ಕಲಿಸಲು ಈ ತಾಯಂದಿರಿಗೇ ತರಬೇತಿ ಕೊಡಬೇಕು. ನೀತಿ ಅಂದರೆ ಇದೇ ಅಲ್ವಾ? ಆರೋಗ್ಯ ಸೇವೆಯ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು, ಕರ್ತವ್ಯ ಎರಡೂ ಅಂತ ಪ್ರಾಥಮಿಕ ಆರೋಗ್ಯದ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಆಲ್ಮಾ-ಆಟಾ ಘೋಷಣೆಯಲ್ಲೇ ಇದೆ. ಆದರೆ ಉತ್ತರ ಹೇಳಲು ಬರುವಂಥ ಮಾತಿನಲ್ಲಿ ನಾವು ಕೇಳಬೇಕು.

ಪ್ರಶ್ನಾವಳಿ ಬಿಟ್ಟು ಎಲ್ಲರಿಗೂ ಫೋನ್ ಮಾಡತೊಡಗಿದೆ. “ಹೋದ ವರ್ಷ ನಿಮ್ಮ ಸದಸ್ಯರಿಗೆ ಆಗಬಾರದ್ದು ಏನಾಯ್ತು?” ಇದೊಂದೇ ಮೊದಲ ಪ್ರಶ್ನೆ. ಸಮಯ ಅವರೇ ಹೇಳಬೇಕು. ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಆ ಸಂಜೆ ಮಾತಾಡುವ ತ್ರಾಣ ಇರುವುದಿಲ್ಲ. ಅವರ ಜೊತೆ ಮರುದಿನ ಮಾತಾಡುತ್ತಿದ್ದೆ.

ತರಬೇತಿಯ ವಿಷಯದಲ್ಲಿ ನಮ್ಮ ಅಂದಾಜು ಪೂರ್ತಿ ತಪ್ಪಿತ್ತು. ಪತ್ರಿಕೆಯವರ ಜೊತೆ ಮಾತಾಡುವುದನ್ನು ಕಲಿಯಬೇಕು ಅಂತಾರೆ ಅಂದುಕೊಂಡಿದ್ದೆವು. ಜಾಸ್ತಿ ಜನ ಕೇಳಿದ್ದು, ಸರ್ಕಾರದ ಕರಡು ನಿಯಮ ಓದಿ, ಕೊನೇ ದಿನದೊಳಗೆ ಆಕ್ಷೇಪಣೆ ಬರೆಯುವುದು ಹೇಗೆ ಅಂತ. ಕಿಡ್ನಿ ರೋಗಿಗಳ ಸಂಘದ ಕಾರ್ಯದರ್ಶಿಯೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸದಸ್ಯರು ತೀರಿಕೊಂಡಾಗ ಮನೆಯವರ ಫೋನ್ ನನಗೇ ಬರುತ್ತೆ. ಏನು ಮಾತಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ” ಅಂದರು. ನನ್ನ 40 ಪ್ರಶ್ನೆಗಳಲ್ಲಿ ಇದು ಇರಲೇ ಇಲ್ಲ. ಬೇರೆಯವರಿಗೆ ಹೇಳಿದಾಗ ಎಲ್ಲರೂ ನಮಗೂ ಬೇಕು ಅಂದರು.

ಕೊನೆಗೆ ಯಾವುದು ಮೊದಲು ಅಂತ ಎಲ್ಲರೂ ಕೂತು ಆಯ್ಕೆ ಮಾಡಿದೆವು. ರೋಗಿಗಳು, ಮನೆಯವರು, ವೈದ್ಯರು ಒಟ್ಟಿಗೆ ಕೂತು ಸಂಶೋಧನೆಗೆ ಬೇಕಾದ 10 ಪ್ರಶ್ನೆ ಆರಿಸುವ ಕ್ರಮವನ್ನು ಬ್ರಿಟನ್ನಿನಲ್ಲಿ 2004ರಲ್ಲಿ ಶುರುವಾದ ಜೇಮ್ಸ್ ಲಿಂಡ್ ಅಲಯನ್ಸ್ ನಡೆಸಿಕೊಂಡು ಬಂದಿದೆ. ಅದರಿಂದ ಕಲಿತದ್ದು ಬಹಳ. ಆದರೆ ಸದಸ್ಯರ ಲೆಕ್ಕದಲ್ಲಿ ಮತ ಹಾಕಿಸಿದ್ದರೆ ಅಪರೂಪದ ಕಾಯಿಲೆಯ ಸಣ್ಣ ಸಂಘಗಳ ದನಿಯೇ ಕೇಳುತ್ತಿರಲಿಲ್ಲ. ಹಾಗಾಗಿ ದೊಡ್ಡದಿರಲಿ ಸಣ್ಣದಿರಲಿ, ಸಂಘಕ್ಕೆ ಮೂರೇ ಮತ. ಔಷಧ ಕಂಪನಿಗಳಿಂದ ಯಾರಿಗೆ ಹಣ ಬರುತ್ತೆ ಅನ್ನುವುದನ್ನೂ ಮುಂಚೆಯೇ ಎಲ್ಲರ ಮುಂದೆ ಹೇಳಿಸಿದೆವು.

ವರದಿಯನ್ನು ಅಧಿಕಾರಿಗಳಿಗೆ ಕೊಡುವ ಮೊದಲು ಸಂಘಗಳಿಗೆ ಕಳಿಸಿದೆ. ಮೂರ್ಛೆ ರೋಗದ ಸಂಘದವರು ಒಂದು ಸಾಲು ತಿದ್ದಿದರು. ನಾನು ‘ಮಾತ್ರೆ ಸಿಗುವುದಿಲ್ಲ’ ಅಂತ ಬರೆದಿದ್ದೆ. “ಸಿಗುತ್ತೆ, ಮಧ್ಯದಲ್ಲಿ ನಿಂತುಹೋಗುತ್ತೆ” ಅಂದರು. ಈ ಮಾತ್ರೆ ತಟ್ಟನೆ ನಿಂತರೆ ಫಿಟ್ಸ್ ಮತ್ತೆ ಬರಬಹುದು, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಕೇಳಬೇಕಾದ್ದೇ ಬದಲಾಯ್ತು: ದಾಸ್ತಾನು ಮುಗಿಯುವ ಮುಂಚೆಯೇ ರೋಗಿಗೆ ತಿಳಿಸಬೇಕು. ವರದಿಯಲ್ಲಿ ಈಗ ಅವರ ಮಾತೇ ಇದೆ.